ಕುಸ್ವಾರಿನ ತಟ್ಟೆ

ಕ್ರಿಸ್ಮಸ್ ಸಮೀಪಿಸಿತೆಂದರೆ ಉಡುಪಿ, ಕಾಪು, ಕಾರ್ಕಳದ ನಮ್ಮ ಮನೆಗಳಲ್ಲಿ ಎಣ್ಣೆಯ ಬಾಣಲೆ ಒಲೆಯೇರುತ್ತದೆ. ಕಿಡಿಯೊ, ನೆವ್ರ್ಯೊ, ಗುಳಿಯೊ ಎಲ್ಲವೂ ಕುಸ್ವಾರಿಗೆ ಬೇಕಾದವುಗಳೇ. ಆದರೆ ಕೈಗುಣದ ಪರೀಕ್ಷೆಯಾಗುವುದು ಕೊಕ್ಕಿಸಾಂ ಮಾಡುವಾಗ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಎಳ್ಳು ಸೇರಿಸಿ ಕಲಸಿದ ಹಿಟ್ಟಿನಲ್ಲಿ ಕಾದ ಅಚ್ಚನ್ನು ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಹೂವು ಅಚ್ಚನ್ನು ಬಿಡದು. ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯದು.

ಮಣಿಪಾಲದ ಫ್ಲ್ಯಾಟುಗಳಲ್ಲಿ ವಾಸಿಸುವ ನಮ್ಮಲ್ಲನೇಕರು ಇಂದು ಬೇಕರಿಯ ಪೊಟ್ಟಣಕ್ಕೆ ಮೊರೆಹೋಗಿದ್ದೇವೆ. ಬಿಡುವಿಲ್ಲದವರನ್ನು ದೂರಲಾರೆವು. ಆದರೂ ನೆರೆಮನೆಯ ಹಿಂದೂ, ಮುಸ್ಲಿಂ ಬಾಂಧವರಿಗೆ ಕಳುಹಿಸುವ ತಟ್ಟೆಯಲ್ಲಿ ಕೊಂಡು ತಂದ ತಿಂಡಿಯೇ ತುಂಬಿದ್ದರೆ ನಮಗೇ ಏನೋ ಸಂಕೋಚ. ಅಜ್ಜಿಯಂದಿರು ಅಚ್ಚಿಗೆ ಎಣ್ಣೆ ಸವರಿ ಜೋಪಾನವಾಗಿಟ್ಟಿದ್ದಾರೆ. ಮುಂಬಯಿ, ಗಲ್ಫ್‌ನಿಂದ ಹಬ್ಬಕ್ಕೆ ಬರುವ ಮೊಮ್ಮಕ್ಕಳನ್ನು ಒಂದು ಸಂಜೆ ಅವರ ಬಳಿ ಕೂರಿಸೋಣ. ಮೊದಲ ನಾಲ್ಕು ಹೂವುಗಳು ಮುರಿದಾವು, ಮುರಿಯಲಿ.