ಜೀವವಿಜ್ಞಾನದ ಕಾವುಮನೆ: ಶಬ್ದವಿಚಾರವೂ ವಾಸ್ತುವಿಚಾರವೂ

ನೂತನ ಉದ್ಯಮಗಳನ್ನು ಅವುಗಳ ಶೈಶವದಲ್ಲಿ ಸಾಕಿ ಬೆಳೆಯಿಸುವ ಸಂಸ್ಥೆಗೆ ಇಂಗ್ಲಿಷಿನಲ್ಲಿ ‘ಇನ್‌ಕ್ಯುಬೇಟರ್’ ಎಂಬ ಹೆಸರು ರೂಢವಾಗಿದೆ. ಮೊಟ್ಟೆಗಳ ಮೇಲೆ ಒರಗಿ ಕುಳಿತಿರುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಈ ಶಬ್ದವು ಹುಟ್ಟಿದೆ. 1959ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಟೇವಿಯ ಪಟ್ಟಣದಲ್ಲಿ ಜೋಸೆಫ್ ಮಂಕೂಸೊ ಎಂಬವರು, ಕೆಲಸ ನಿಂತುಹೋಗಿದ್ದ ಕಾರ್ಖಾನೆಯೊಂದನ್ನು ಭಾಗಭಾಗವಾಗಿ ಸಣ್ಣ ಉದ್ಯಮಿಗಳಿಗೆ ಬಾಡಿಗೆಗೆ ಕೊಟ್ಟರು. ಬಾಡಿಗೆದಾರರಲ್ಲಿ ಕೋಳಿಮರಿ ಮಾಡಿಸುವವರೂ ಇದ್ದುದರಿಂದ ಈ ಹೆಸರು ವಿನೋದಕ್ಕೆ ಬಂದು ಸ್ಥಿರವಾಗಿ ನಿಂತಿತೆಂದು ಹೇಳುವರು.

ಇದಕ್ಕೆ ಸರಿಯಾಗಿ ಸಂಸ್ಕೃತಪದಗಳನ್ನು ಕಟ್ಟಬಹುದಾದರೂ ಕನ್ನಡದ ‘ಕಾವು’ ಎಂಬುದೇ ಸಾಕು. ಕೋಳಿ ಕಾವಿಗೆ ಕೂರುವುದೆಂಬ ಮಾತನ್ನು ಅರಿಯದವರಿಲ್ಲ. ‘ಕಾಯ್’ ಎಂಬ ರೂಪಕ್ಕೆ ಬಿಸಿಯಾಗು, ರಕ್ಷಿಸು, ಫಲ ಬಿಡು ಎಂಬ ಮೂರು ಅರ್ಥಗಳುಂಟು. ನಿರೀಕ್ಷಿಸು ಎಂಬುದು ರಕ್ಷಿಸು ಎಂಬುದರಿಂದ ಬೆಳೆದುದು. ಇವು ಮೂಲದಲ್ಲಿ ಬೇರೆಬೇರೆ ಧಾತುಗಳೆಂದು ಭಾಷಾಶಾಸ್ತ್ರಜ್ಞರ ಮತ. ಆದರೂ ಪ್ರಕೃತ ಕಟ್ಟಡದಲ್ಲಿ ಈ ಅರ್ಥಗಳೆಲ್ಲವೂ ಒಂದೆಡೆ ಕೂಡುತ್ತವೆ. ಅವುಗಳಲ್ಲಿ ರಕ್ಷಣಾರ್ಥವೇ ಪ್ರಧಾನವಾದುದೆಂಬುದು ಮುಂದೆ ತಿಳಿದುಬರುವುದು.

ಬೆಂಗಳೂರಿನಲ್ಲಿ ಇಂತಹ ಮನೆಗಳಿಲ್ಲದ ಕಾಲವೊಂದಿತ್ತು. 1978ರಲ್ಲಿ ಕಿರಣ್ ಮಜುಂದಾರ್ ಅವರು ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ, ಬಾಡಿಗೆಯ ಮನೆಯೊಂದರ ಮೋಟಾರುಖಾನೆಯಲ್ಲಿ, ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಪರಂಗಿಕಾಯಿಯ ಹಾಲಿನಿಂದ ಪಾಚಕದ್ರವ್ಯವನ್ನು ತೆಗೆಯುವುದು ಅಲ್ಲಿಯ ಮೊದಲ ಕೆಲಸಗಳಲ್ಲೊಂದು. ಅಂತಹ ಕೆಲಸಕ್ಕೆ ಆ ಸ್ಥಳವು ಸಾಕಾಯಿತು. ಆದರೆ ಜೀವಕೋಶಗಳನ್ನೂ ರೋಗಾಣುಗಳನ್ನೂ ಬೆಳೆಯಿಸುವವರಿಗೆ ಅದು ಸಾಲದು. ಬನ್ನೇರುಘಟ್ಟ ರಸ್ತೆಯಲ್ಲಿ ಬಾಲಕೃಷ್ಣ ದೋಶಿಯವರು ರಚಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಆವರಣದಲ್ಲಿಯೂ ಉದ್ಯಮಗಳನ್ನು ಪೋಷಿಸುವ ಕೇಂದ್ರವೊಂದುಂಟು. ಅಂತಹ ಕೇಂದ್ರದಲ್ಲಿ ಮೇಜು, ಬೆಳಕು, ಸಂಭಾಷಣೆಗೆ ತಕ್ಕ ಮೊಗಸಾಲೆ ಇಷ್ಟಿದ್ದರೆ ಬಹುಮಟ್ಟಿಗೆ ಕೆಲಸ ಸಾಗುವುದು. ಜೀವವಿಜ್ಞಾನದ ಕಾವುಮನೆಗೆ ಇಷ್ಟೇ ಸಾಲದು. ಅದಕ್ಕಾಗಿಯೇ ಜಿ.ಕೆ.ವಿ.ಕೆ. ಆವರಣದಲ್ಲಿ 2009ರಿಂದ ಸಿ-ಕ್ಯಾಂಪ್ ಸಂಸ್ಥೆಯೂ, ನಗರದ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬೆಂಗಳೂರು ಬಯೋಇನ್ನೋವೇಷನ್ ಸೆಂಟರ್ ಎಂಬುದೂ ಬಂದವು. ಒಬ್ಬೊಬ್ಬನು ಕೊಳ್ಳಲಾರದ ಯಂತ್ರಗಳನ್ನು ಎಲ್ಲರಿಗೂ ಸಾಧಾರಣವಾಗಿ ಒದಗಿಸುವುದು ಇವುಗಳ ಮುಖ್ಯ ಧರ್ಮ.

ಕರ್ಮಾನುಸಾರವಾಗಿ ಸ್ಥಳವನ್ನು ವಿಭಾಗಿಸುವ ಕ್ರಮವು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ರಸರತ್ನಸಮುಚ್ಚಯದಲ್ಲಿ ರಸಶಾಲೆಯ ಲಕ್ಷಣವನ್ನು ಹೇಳುವಾಗ ಆಗ್ನೇಯದಲ್ಲಿ ಅಗ್ನಿಕರ್ಮ, ದಕ್ಷಿಣದಲ್ಲಿ ಪಾಷಾಣಕರ್ಮ, ನೈರೃತ್ಯದಲ್ಲಿ ಶಸ್ತ್ರಕರ್ಮ, ಪಶ್ಚಿಮದಲ್ಲಿ ತೊಳೆಯುವುದು, ವಾಯವ್ಯದಲ್ಲಿ ಒಣಗಿಸುವುದು, ಉತ್ತರದಲ್ಲಿ ವೇಧಕರ್ಮ, ಈಶಾನ್ಯದಲ್ಲಿ ಸಿದ್ಧವಸ್ತುಗಳ ಸ್ಥಾಪನೆ ಎಂದು ವಿಧಿಸಿದೆ. ಅಗ್ನಿ, ವರುಣ, ವಾಯುಗಳ ದಿಕ್ಕುಗಳಿಗೆ ಬೆಂಕಿ, ನೀರು, ಗಾಳಿಗಳ ಕೆಲಸಗಳು ಸಂದಿರುವುದರಿಂದ ಈ ವಿಭಾಗಕ್ಕೆ ದಿಕ್ಪಾಲಕರೇ ಆಧಾರವೆಂಬುದು ಸ್ಪಷ್ಟ. ಇದನ್ನು ನೋಡಿ ಸೂಕ್ಷ್ಮಜೀವಿಗಳ ಜ್ಞಾನವೂ ಪೂರ್ವಿಕರಿಗಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಗ್ರಂಥದಲ್ಲಿಲ್ಲದುದನ್ನು ಗ್ರಂಥಕ್ಕೆ ಆರೋಪಿಸಿದರೆ ಗ್ರಂಥದ ಗೌರವವು ಹೆಚ್ಚುವುದಿಲ್ಲ. ಒಂದು ಕೆಲಸವು ಇನ್ನೊಂದರ ಸ್ಥಳವನ್ನು ತುಳಿಯಬಾರದೆಂಬಷ್ಟೇ ಉಭಯಸಾಧಾರಣವಾದ ತತ್ತ್ವ.

ಇಂದಿನ ಕಟ್ಟಡದಲ್ಲಿ ದಿಕ್ಕಿನ ಸ್ಥಾನವನ್ನು ಗಾಳಿಯ ಗತಿಯು ಪಡೆದಿದೆ. ಒಳಗಿರುವ ಶುದ್ಧವಸ್ತುವನ್ನು ಹೊರಗಿನ ಧೂಳಿನಿಂದ ಕಾಯಬೇಕಾದಲ್ಲಿ ಕೋಣೆಯ ವಾಯುಭಾರವನ್ನು ಹೊರಗಿಗಿಂತ ಹೆಚ್ಚಾಗಿರಿಸುವರು. ಗಾಳಿ ಒಳಗಿನಿಂದ ಹೊರಕ್ಕೆ ಹರಿಯುವುದು. ಒಳಗಿರುವ ಅಪಾಯಕರ ರೋಗಾಣುವಿನಿಂದ ಹೊರಗಿನವರನ್ನು ಕಾಯಬೇಕಾದಲ್ಲಿ ಭಾರವನ್ನು ಕಡಮೆಮಾಡುವರು. ಆಗ ಗಾಳಿ ಒಳಕ್ಕೇ ಹರಿಯುವುದು. ಪರಸ್ಪರ ವಿರುದ್ಧವಾದ ಈ ಎರಡು ಕೋಣೆಗಳೂ ಒಂದೇ ಸೂರಿನಡಿ ಇರಬೇಕಾಗಬಹುದು. ಶಿಲ್ಪಿಗೆ ಇದೇ ಕಠಿನವಾದ ಪರೀಕ್ಷೆ. ಇದರ ಮೇಲೆ, ಬಾಡಿಗೆದಾರರು ಬದಲಾದಂತೆ ಕೋಣೆಯ ಕೆಲಸವೂ ಬದಲಾಗುವುದರಿಂದ, ನಳಿಗೆಗಳನ್ನೂ ಗಾಳಿಯ ಕೊಳವೆಗಳನ್ನೂ ಗೋಡೆಯೊಳಗೆ ಹುದುಗಿಸದೆ ಕೈಗೆ ಸಿಕ್ಕುವಂತೆ ಇಡತಕ್ಕದ್ದು. ಲೂಯಿ ಕಾನ್ ಅವರು ಅಮೆರಿಕದ ಸಾಲ್ಕ್ ಸಂಶೋಧನಾಲಯದಲ್ಲಿ ಪ್ರಯೋಗಶಾಲೆಯ ಅಂತಸ್ತುಗಳ ನಡುವೆ ಇವುಗಳಿಗೇ ಪ್ರತ್ಯೇಕವಾದ ಅಂತಸ್ತುಗಳನ್ನು ಕಲ್ಪಿಸಿರುವುದು ಪ್ರಸಿದ್ಧವಾಗಿದೆ. ಬಿಸಿಯೆಂಬ ಅರ್ಥವೂ ಇಲ್ಲಿ ವಾಚ್ಯವೇ: ಮಾನವ ಜೀವಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಿಸುವ ಪೆಟ್ಟಿಗೆಗೂ ಇನ್‌ಕ್ಯುಬೇಟರ್ ಎಂದೇ ಹೆಸರು. ವಿದ್ಯುತ್ತು ನಿಂತು ಅದು ತಣ್ಣಗಾದರೆ ತಿಂಗಳುಗಳ ಶ್ರಮವು ಒಂದು ರಾತ್ರಿಯಲ್ಲಿ ನಷ್ಟವಾದೀತು.

ಇನ್ನು ನೀರಿನ ವಿಚಾರ. ದಕ್ಷಿಣ ಬೆಂಗಳೂರಿನ ಕೆರೆಗಳು ಒಂದರ ಕೋಡಿಯಿಂದ ಮತ್ತೊಂದು ತುಂಬುವಂತೆ ಕಟ್ಟಿದವು. ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನ ಮಡಿವಾಳದ ಕೆರೆಯಿಂದ ಅಗರದ ಕೆರೆಗೂ, ಅಲ್ಲಿಂದ ಬೆಳ್ಳಂದೂರಿಗೂ ನೀರು ಇಳಿಯುತ್ತದೆ. ಹೀಗಿರುವಲ್ಲಿ ಪ್ರಯೋಗಶಾಲೆಯ ಮೋರಿಗೆ ಬಿದ್ದುದು ಅಲ್ಲಿಯೇ ನಿಲ್ಲುವುದಿಲ್ಲ. ಜೀವಾಣುಗಳ ಶೇಷವನ್ನು 121 ಡಿಗ್ರಿಯ ಹಬೆಯಲ್ಲಿ ಬೇಯಿಸಿಯೋ ರಾಸಾಯನಿಕಗಳಿಂದಲೋ ನಿರ್ಜೀವಗೊಳಿಸದೆ ಹೊರಬಿಡಬಾರದು. ಈ ಕೋಣೆಯನ್ನು ನಕ್ಷೆಯ ಕೊನೆಯಲ್ಲಿ, ಉಳಿದ ಮೂಲೆಯಲ್ಲಿ ತುರುಕುವುದು ಮಹಾಪ್ರಮಾದ. ಮೊದಲು ಗುರುತಿಸತಕ್ಕದ್ದು ಇದನ್ನೇ.

ಆದುದರಿಂದ ಕಾವುಮನೆಯ ಯೋಗ್ಯತೆಯನ್ನು ಮುಂಭಾಗದ ಗಾಜಿನಿಂದ ಅಳೆಯಲಾಗದು. ಒಳಗಿನದನ್ನು ಹೊರಗಿನಿಂದಲೂ ಹೊರಗಿನವರನ್ನು ಒಳಗಿನದರಿಂದಲೂ ಅದು ಕಾಯುವುದೋ ಇಲ್ಲವೋ ಎಂಬುದೇ ಪರೀಕ್ಷೆ. ಹಾಗೆ ಕಾದಲ್ಲಿ ಮಾತ್ರ ಮರವು ಕಾಯುವುದು.