ನೆಲನೆಲ್ಲಿ, ಅಮೃತಬಳ್ಳಿ ಮತ್ತು ತಾತನ ಬೋಂಡಾ

ಮಳೆ ಬಿದ್ದರೆ ಸಾಕು, ನಮ್ಮ ಹಿತ್ತಲಿನಲ್ಲಿ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ. ಕಡ್ಡಿಯನ್ನು ತಿರುಗಿಸಿ ನೋಡಿದರೆ ಎಲೆಗಳ ಕೆಳಗೆ ಪುಟಾಣಿ ಕಾಯಿಗಳು ಸಾಲಾಗಿ ಕೂತಿರುತ್ತವೆ, ಥೇಟ್ ನೆಲ್ಲಿಕಾಯಿಯ ಮರಿಗಳಂತೆ. ನಾನು ಚಿಕ್ಕವನಿದ್ದಾಗ ಊರಲ್ಲಿ ಯಾರಿಗಾದರೂ ಕಾಮಾಲೆ ಬಂದರೆ ನಮ್ಮಜ್ಜಿ ಇದನ್ನೇ ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದರು. ಹಾಗಾಗಿ ಯಕೃತ್ತಿಗೆ ಏನೇ ಆದರೂ ಮದ್ದು ಹಿತ್ತಲಲ್ಲೇ ಇದೆ ಎಂಬ ಧೈರ್ಯ ನನಗೆ.

ಕಳೆದ ವರ್ಷ ಸ್ಕ್ಯಾನಿಂಗ್ ನೋಡಿದ ಡಾಕ್ಟರು, "ನಿಮ್ಮ ಲಿವರಿನಲ್ಲಿ ಕೊಬ್ಬು ಸೇರಿದೆ" ಎಂದರು. ನನಗೆ ನೋವಿರಲಿಲ್ಲ, ಹಸಿವೂ ಚೆನ್ನಾಗಿತ್ತು. ಈ ತೊಂದರೆಯ ಗುಣವೇ ಅದು. ಬಹುಕಾಲ ಸುಳಿವೇ ಕೊಡುವುದಿಲ್ಲ.

ಮಕ್ಕಳೇ, ಬಲಗಡೆಯ ಪಕ್ಕೆಲುಬಿನ ಮೇಲೆ ಕೈಯಿಡಿ. ಅದರ ಹಿಂದೆ ಇರುವುದೇ ಯಕೃತ್ತು. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಜಿಡ್ಡು ಜೀರ್ಣವಾಗಲು ಬೇಕಾದ ಪಿತ್ತರಸ ಮಾಡುತ್ತದೆ, ಹೆಚ್ಚಾದ ಸಕ್ಕರೆಯನ್ನು ಕೂಡಿಡುತ್ತದೆ, ನುಂಗಿದ ಔಷಧಿಯನ್ನೂ ಅರಗಿಸುತ್ತದೆ. ಕರಿದದ್ದು, ಸಿಹಿ ಹೆಚ್ಚಾಗಿ ನಡಿಗೆ ಕಡಿಮೆಯಾದರೆ ಮಿಕ್ಕ ಕೊಬ್ಬು ಅದರ ಜೀವಕೋಶಗಳಲ್ಲೇ ತುಂಬಿಕೊಳ್ಳುತ್ತದೆ. ಅದು ನೂರಕ್ಕೆ 5 ಪಾಲು ದಾಟಿದರೆ ಫ್ಯಾಟಿ ಲಿವರ್.

ನಾನು ಯಾರಿಗೂ ಹೇಳದೆ ಬೆಳಿಗ್ಗೆ ನೆಲನೆಲ್ಲಿ ರಸ, ರಾತ್ರಿ ಬೇಲಿಯ ಅಮೃತಬಳ್ಳಿಯ ಕಷಾಯ ಶುರು ಮಾಡಿದೆ. ಸಂಜೆ ಬೀದಿ ತುದಿಯ ಗಾಡಿಯ ಮೆಣಸಿನಕಾಯಿ ಬೋಂಡಾ ಮಾತ್ರ ತಪ್ಪಲಿಲ್ಲ. ಆರನೇ ತರಗತಿಯ ಮೊಮ್ಮಗಳು ಒಂದು ದಿನ ಕೇಳಿದಳು: "ತಾತ, ಬೆಳಿಗ್ಗೆ ಕಸ ಗುಡಿಸಿ ಸಂಜೆ ಮತ್ತೆ ಸುರಿದರೆ ಮನೆ ಕ್ಲೀನ್ ಆಗುತ್ತಾ?" ನಕ್ಕು ಸುಮ್ಮನಾದೆ.

ಮೂರು ತಿಂಗಳ ನಂತರ ರಕ್ತಪರೀಕ್ಷೆ. ಸುಮಾರು 40ರೊಳಗೆ ಇರಬೇಕಾದ ಎಸ್‌ಜಿಪಿಟಿ 180ಕ್ಕೆ ಏರಿತ್ತು. "ಬೇರೆ ಏನಾದರೂ ತಗೋತಿದ್ದೀರಾ?" ಎಂದರು ಡಾಕ್ಟರು. "ಏನೂ ಇಲ್ಲ" ಎಂದೆ. ಪಕ್ಕದಲ್ಲಿದ್ದ ಮೊಮ್ಮಗಳು, "ತಾತ ದಿನಾ ಬಳ್ಳಿ ಕಷಾಯ ಕುಡೀತಾರೆ ಡಾಕ್ಟರ್" ಎಂದುಬಿಟ್ಟಳು. ನನ್ನ ಮುಖ ಸಣ್ಣದಾಯಿತು.

ಡಾಕ್ಟರು ಬೈಯಲಿಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರಂತೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಹಾಗೆಯೇ ಕಾಣುವ ಬೇರೆ ಬಳ್ಳಿಯೂ ಇದೆ ಎಂದಿತು. "ನಿಮ್ಮದು ಬಳ್ಳಿಯಿಂದಾದದ್ದೋ ಬೋಂಡಾದಿಂದಾದದ್ದೋ ಹೇಳಲಾರೆ. ಎರಡನ್ನೂ ನಿಲ್ಲಿಸಿ" ಎಂದರು.

"ಹಾಗಾದರೆ ನಮ್ಮಜ್ಜಿಯ ನೆಲನೆಲ್ಲಿ?" ಎಂದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಸ್ ಇದ್ದ 37 ಜನರಿಗೆ ಅದರ ಪುಡಿ ಕೊಟ್ಟರು. 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣದಾಯಿತು. ಆದರೆ ಬೇರೆಡೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಅಲ್ಲದೆ ಅದು ವೈರಸ್ಸಿನ ಮಾತು, ನನ್ನದು ಕೊಬ್ಬಿನ ಮಾತು. ಇನ್ನು ನೀರಿನಿಂದ ಹರಡುವ ಕಾಮಾಲೆ ಬಹಳ ಮಂದಿಗೆ ವಿಶ್ರಾಂತಿಯಿಂದ ತಾನೇ ಇಳಿಯುತ್ತದೆ.

ಆರು ವಾರಕ್ಕೆ ಎಸ್‌ಜಿಪಿಟಿ 62ಕ್ಕೆ ಬಂತು. ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲು ಇಳಿಸಿದರೆ ಯಕೃತ್ತಿನ ಕೊಬ್ಬು ಚೆನ್ನಾಗಿ ಕರಗುತ್ತದೆ ಎಂದಿದ್ದರು ಡಾಕ್ಟರು. ಮೊಮ್ಮಗಳೊಂದಿಗೆ ದಿನಾ ಮುಕ್ಕಾಲು ಗಂಟೆ ನಡೆದು, ಸೊಪ್ಪು, ಕಾಳು, ರಾಗಿಮುದ್ದೆ ಉಂಡು 78 ಕಿಲೋದಿಂದ 72ಕ್ಕೆ ಬಂದಿದ್ದೇನೆ.

ಹಿರಿಯರಿಗೆ ಒಂದು ಮಾತು. ಗಿಡಮೂಲಿಕೆ ಬೇಕಿದ್ದರೆ ಓದಿದ ಆಯುರ್ವೇದ ವೈದ್ಯರನ್ನೇ ಕೇಳಿ. ಕುಡಿಯುವ ಕಷಾಯವನ್ನು ನಿಮ್ಮ ಡಾಕ್ಟರಿಗೆ ಮುಚ್ಚಿಡಬೇಡಿ. ನಮ್ಮಜ್ಜಿಯ ಮದ್ದು ನನಗೆ ನೆನಪಿತ್ತು. ಅವರು ದಿನಾ ಹೊಲಕ್ಕೆ ನಡೆಯುತ್ತಿದ್ದದ್ದು, ಬಾಣಲೆ ಒಲೆಗೇರುತ್ತಿದ್ದದ್ದು ಹಬ್ಬಕ್ಕೆ ಮಾತ್ರ ಎಂಬುದು ಮರೆತಿತ್ತು.

ನೆಲನೆಲ್ಲಿ ಈಗಲೂ ಹಿತ್ತಲಲ್ಲಿದೆ. ಸಂಜೆ ಅದರ ಎಲೆಗಳು ಮಡಚಿ ಮಲಗುವುದನ್ನು ನಾವಿಬ್ಬರೂ ನೋಡುತ್ತೇವೆ. ತಿಂಗಳಿಗೊಮ್ಮೆ ಒಂದು ಬೋಂಡಾಕ್ಕೆ ಅನುಮತಿ ಸಿಕ್ಕಿದೆ. ಅದರಲ್ಲಿ ಅರ್ಧ ಮೊಮ್ಮಗಳದ್ದು.