ಮೈನಸ್ 196 ಡಿಗ್ರಿಯಲ್ಲಿ ವಿಶ್ವಸುಂದರಿಯ ಎಂಟು ವರ್ಷ!

ಹೀರೋಗೆ ವಯಸ್ಸಾಗೋದಿಲ್ಲ ಸ್ವಾಮಿ! ಐವತ್ತೈದರಲ್ಲೂ ಇಪ್ಪತ್ತರ ಹುಡುಗಿಯ ಜೊತೆ ಮರ ಸುತ್ತುತ್ತಾನೆ. ನಾವೂ ಸೀಟಿ ಹೊಡೀತೀವಿ. ಆದರೆ ನಾಯಕಿ? ಮೂವತ್ತು ದಾಟಿದಳೋ ಇಲ್ಲವೋ, ‘ಮದುವೆ ಯಾವಾಗ?’ ಅಂತ ಕೇಳ್ತೀವಿ. ಮದುವೆಯಾದಳೋ, ಕಾಲ್‌ಷೀಟ್ ಕೇಳೋರೇ ಇಲ್ಲ.

ಡಯಾನಾ ಹೇಡನ್ ನೆನಪಿದೆಯಾ? ಹೈದರಾಬಾದಿನ ಚೆಲುವೆ, 1997ರ ವಿಶ್ವಸುಂದರಿ. 2003ರ ‘ತೆಹಜೀಬ್’ ಚಿತ್ರದಲ್ಲಿ ಶಬಾನಾ ಆಜ್ಮಿ ಜೊತೆ ನಟಿಸಿದಾಕೆ. ಕೈತುಂಬ ಕೆಲಸ, ಮನಸ್ಸಿಗೊಪ್ಪುವ ಗಂಡು ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಿದವನನ್ನು ಕಟ್ಟಿಕೊಳ್ಳೋ ಜಾಯಮಾನ ಆಕೆಯದಲ್ಲ. 34ನೇ ವಯಸ್ಸಿನಲ್ಲಿ ತನ್ನ ಅಂಡಾಣುಗಳನ್ನು ಹೆಪ್ಪುಗಟ್ಟಿಸಿ ಇಡಿಸಿದಳು! ಮದುವೆಯಾದದ್ದು 2013ರಲ್ಲಿ. 2016ರ ಜನವರಿಯಲ್ಲಿ, ಎಂಟು ವರ್ಷ ಕಾದಿದ್ದ ಅಂಡಾಣುವಿನಿಂದ ಹೆಣ್ಣುಮಗು ಹುಟ್ಟಿತು. ತಾಯಿಗೆ ಆಗ 42.

ಇದು ಹೇಗೆ ಅಂತೀರಾ? ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಅರ್ಥವಾದ ಭಾಷೆಯಲ್ಲೇ ಹೇಳ್ತೀನಿ. ಗಂಡಸಿಗೆ ವೀರ್ಯ ದಿನಾ ಹೊಸದಾಗಿ ತಯಾರಾಗುತ್ತೆ. ಹೆಣ್ಣಿಗೆ ಹುಟ್ಟುವಾಗಲೇ ಹತ್ತಿಪ್ಪತ್ತು ಲಕ್ಷ ಅಂಡಾಣು. ಆಮೇಲೆ ಬರೀ ಖರ್ಚು, ಜಮಾ ಇಲ್ಲ. 35 ದಾಟಿದರೆ ಲೆಕ್ಕವೂ ಬೇಗ ಇಳಿಯುತ್ತೆ, ಗುಣವೂ ಇಳಿಯುತ್ತೆ. ಅದಕ್ಕೇ ಮೊದಲೇ ತೆಗೆದಿಡೋದು. ಹತ್ತು ಹನ್ನೆರಡು ದಿನ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ಸ್ಕ್ಯಾನಿಂಗ್, ಕೊನೆಗೆ ಮತ್ತು ಕೊಟ್ಟು ಸೂಜಿಯಿಂದ ಹೊರತೆಗೆದು ದ್ರವ ಸಾರಜನಕದಲ್ಲಿ ಇಡ್ತಾರೆ. ಮೈನಸ್ 196 ಡಿಗ್ರಿ!

ಇಂಥ ಅಂಡಾಣುವಿನ ಮೊದಲ ಹೆರಿಗೆ ವರದಿಯಾದದ್ದು 1986ರಲ್ಲಿ, ಆಸ್ಟ್ರೇಲಿಯಾದಿಂದ. ಆಗ ನಿಧಾನವಾಗಿ ತಣ್ಣಗೆ ಮಾಡ್ತಿದ್ದರು. ಒಳಗೆ ಐಸು ಕಟ್ಟಿ ಅಂಡಾಣು ಒಡೆಯುತ್ತಿತ್ತು. ಈಗ ಐಸು ಕಟ್ಟೋಕೂ ಬಿಡದೆ ಕ್ಷಣದಲ್ಲಿ ಗಾಜಿನಂತೆ ಗಟ್ಟಿ ಮಾಡ್ತಾರೆ.

‘ಫ್ರಿಜ್ ಮಗು’ ಅಂತ ಹಲ್ಲು ಕಿರಿಯೋರನ್ನು ಗಾಂಧಿನಗರದ ಹೋಟೆಲುಗಳಲ್ಲಿ ನಾನೇ ನೋಡಿದ್ದೀನಿ. ಆ ಇಂಜೆಕ್ಷನ್ನುಗಳಲ್ಲಿ ಒಂದನ್ನಾದರೂ ಈ ಮಹಾಶಯರು ಚುಚ್ಚಿಸಿಕೊಳ್ಳಲಿ! ಪ್ರಿಯಾಂಕಾ ಚೋಪ್ರಾ 2023ರಲ್ಲಿ ತಾನೂ ಮೂವತ್ತರ ಆಸುಪಾಸಿನಲ್ಲಿ ಇಡಿಸಿದ್ದನ್ನು ಬಾಯಿಬಿಟ್ಟು ಹೇಳಿದಳು. ಸಲಹೆ ಕೊಟ್ಟದ್ದು ಸ್ವಂತ ತಾಯಿ, ಸ್ತ್ರೀರೋಗ ತಜ್ಞೆ.

ಹಾಗಂತ ಇದು ಗ್ಯಾರಂಟಿ ಚೀಟಿಯಲ್ಲ. ಹತ್ತು ಅಂಡಾಣು ಇಟ್ಟರೆ ಹತ್ತು ಮಕ್ಕಳು ಅಂತ ಲೆಕ್ಕ ಹಾಕಬೇಡಿ. ಕೆಲವು ಕರಗಿಸುವಾಗಲೇ ಹೋಗುತ್ತವೆ, ಕೆಲವು ಫಲಿಸೋದಿಲ್ಲ, ಫಲಿಸಿದರೂ ಗರ್ಭ ನಿಲ್ಲದಿರಬಹುದು. ಖರ್ಚು ಲಕ್ಷದ ಮಾತು, ಮೇಲೆ ವರ್ಷವರ್ಷವೂ ಇಟ್ಟ ಬಾಡಿಗೆ. ಜೂನಿಯರ್ ಆರ್ಟಿಸ್ಟ್ ಹುಡುಗಿ ಎಲ್ಲಿಂದ ತರಬೇಕು?

ಇನ್ನು ಕಾನೂನು. 2021ರ ಕಾಯ್ದೆಯ ಪ್ರಕಾರ ಇಂಥ ಚಿಕಿತ್ಸೆಗೆ ಹೆಂಗಸಿಗೆ 50 ವರ್ಷದ ಮಿತಿ, ಗಂಡಸಿಗೆ 55. ನೋಡಿದ್ರಾ, ಅಲ್ಲೂ ಹೀರೋಗೆ ಐದು ವರ್ಷ ಜಾಸ್ತಿ! ಅಂಡಾಣು ಇಡೋಕೆ ಹತ್ತೇ ವರ್ಷದ ಗಡುವು. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು. ಡಯಾನಾಳ ಎಂಟು ವರ್ಷ ಹೇಗೋ ಅದರೊಳಗೆ ಹಿಡಿಸುತ್ತೆ. ಎಳೇ ವಯಸ್ಸಿನ ಅಂಡಾಣುವೇ ಒಳ್ಳೇದು ಅಂತಾರೆ ಡಾಕ್ಟರು. ಅದನ್ನು ನಂಬಿ ಇಪ್ಪತ್ತೆರಡರ ಹೊಸ ನಾಯಕಿ ಇಟ್ಟರೆ, ಮೂವತ್ತೆರಡಕ್ಕೆ ಡಬ್ಬಿ ಖಾಲಿ. ಆಕೆಗೆ ಬೇಕಾಗೋದೇ ಅದರ ಮೇಲೆ!